ಕಾಶಿಗೆ ಹೊರಟವರ ಗಂಟುಮೂಟೆ

— ಮಾವ, ಟಿಕೆಟ್ ಆಯ್ತು. ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಮೂರು ಬರ್ತು, ಸ್ಲೀಪರ್. ಎಸಿ ಅಂದ್ರೆ ಅಮ್ಮನಿಗೆ ನೆಗಡಿ. ಎರಡು ರಾತ್ರಿ ಕಳೆದ್ರೆ ಮೊಗಲ್‌ಸರಾಯ್, ಅಲ್ಲಿಂದ ಆಟೋದಲ್ಲಿ ಕಾಶಿ. ನೀವು ಅಷ್ಟು ವರ್ಷ ಟಿಟಿಇ ಆಗಿದ್ದೋರು, ಕಳ್ಳಕಾಕರ ವಿಷಯ ನಿಮ್ಮನ್ನೇ ಕೇಳೋಣ ಅಂತ ಬಂದೆ.

— ಮೊದಲು ಸ್ಟೇಷನ್ ಹೆಸರು ತಿದ್ಕೋ. 2018ರಿಂದ ಅದು ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ನಿದ್ದೆಗಣ್ಣಲ್ಲಿ ಬೋರ್ಡ್ ಮೇಲೆ ಮೊಗಲ್‌ಸರಾಯ್ ಹುಡುಕ್ತಾ ಕೂತ್ರೆ ಗಾಡಿ ನಿಮ್ಮನ್ನ ಬಿಹಾರಕ್ಕೆ ಕರ್ಕೊಂಡು ಹೋಗುತ್ತೆ. ಸರಿ, ಲಗೇಜು ಎಷ್ಟು?

— ಎರಡು ಸೂಟ್‌ಕೇಸು, ಒಂದು ಏರ್‌ಬ್ಯಾಗು, ಅಮ್ಮನ ಹೆಗಲ ಚೀಲ, ಅಪ್ಪನ ಮಾತ್ರೆ ಚೀಲ, ಚಪಾತಿ-ಚಟ್ನಿಪುಡಿ ಬ್ಯಾಸ್ಕೆಟ್ಟು. ಮತ್ತೆ ಗಂಗಾಜಲಕ್ಕೆ ಅಂತ ಒಂದು ಖಾಲಿ ಕ್ಯಾನು.

— ಏಳು. ಸ್ಲೀಪರ್‌ನಲ್ಲಿ ತಲೆಗೆ 40 ಕೆಜಿ ಬಿಟ್ಟಿಯಾಗಿ ಒಯ್ಯಬಹುದು, ಅದರ ಚಿಂತೆ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಬಗ್ಗಿ ಏಳು ಸಾಮಾನು ಎಣಿಸೋದು ಯಾರು? ಅಕ್ಕನಿಗೆ ಮಂಡಿನೋವು, ಭಾವನಿಗೆ ಕನ್ನಡಕ ಇಲ್ದೆ ಕಾಣಲ್ಲ. ಬಟ್ಟೆ ಎಲ್ಲ ಎರಡು ಪೆಟ್ಟಿಗೆಗೆ ತುಂಬು. ಮಾತ್ರೆ ಚೀಲ ಮಾತ್ರ ಬೇರೆ ಇರಲಿ, ಅದು ಭಾವನ ತಲೆದಿಂಬಿನ ಹತ್ತಿರ. ಕ್ಯಾನು ಯಾರೂ ಕದಿಯಲ್ಲ ಬಿಡು, ಕಾಶಿಯಲ್ಲೇ ಸಿಗುತ್ತೆ.

— ಸೂಟ್‌ಕೇಸು ಹೊಸದು ಮಾವ. ನಂಬರ್ ಲಾಕ್ ಇದೆ. ಅದರ ಭಯ ಇಲ್ಲ.

— ತಂದಿದೀಯಾ? ಇಲ್ಲಿ ಕೊಡು. ಆ ಟೇಬಲ್ ಮೇಲಿನ ಬಾಲ್‌ಪೆನ್ನೂ ಕೊಡು.

— ಅಯ್ಯೋ, ಏನ್ ಮಾಡ್ತೀರಿ?

— ಹೆದರಬೇಡ, ಹಾಳಾಗಲ್ಲ. ಲಾಕ್ ಹಾಕಿದೀಯ ತಾನೆ? ನೋಡು, ಜಿಪ್ಪಿನ ಹಲ್ಲಿನ ಮಧ್ಯಕ್ಕೆ ಪೆನ್ನಿನ ತುದಿ ಒತ್ತಿದೆ. ಬಾಯಿ ಬಿಡ್ತು. ಈಗ ಹಾಗೇ ಪೆನ್ನು ಎಳಕೊಂಡು ಹೋದ್ರೆ ಆ ಮೂಲೆವರೆಗೂ ಬಿಚ್ಚಿಕೊಳ್ಳುತ್ತೆ. ಕೈ ಹಾಕಿ ಬೇಕಾದ್ದು ತಗೊಂಡೆ ಅಂತಿಟ್ಕೋ. ಆಮೇಲೆ ಈ ಬೀಗ ಹಾಕಿರೋ ಎರಡು ಕೊಂಡಿಗಳನ್ನೂ ಒಟ್ಟಿಗೆ ಹಿಡಿದು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಎಳೆದೆ. ನೋಡು, ಜಿಪ್ಪು ಕೂಡ್ಕೊಂಡುಬಿಡ್ತು. ಬೀಗ ಬೀಗದ ಪಾಡಿಗೆ ಇದೆ. ನೀನು ಕಾಶಿಯ ರೂಮಿಗೆ ಹೋಗಿ ಪೆಟ್ಟಿಗೆ ತೆಗೆದಾಗ ‘ಅಯ್ಯೋ, ಮನೇಲೇ ಬಿಟ್ಟುಬಂದ್ವೇನೋ’ ಅಂತ ಅಕ್ಕ ಭಾವ ಜಗಳ ಆಡ್ತಾರೆ.

— ಅಬ್ಬಾ! ಹಾಗಾದ್ರೆ ಬೀಗ ಯಾಕೆ?

— ಬೇಕು, ಹಾಕೋ ರೀತೀಲಿ ಹಾಕ್ಬೇಕು. ಕೊಂಡಿಗಳನ್ನ ಒಂದಕ್ಕೊಂದು ಸೇರಿಸೋದಲ್ಲ, ಎರಡನ್ನೂ ಪೆಟ್ಟಿಗೆ ಹಿಡಿಗೆ ಸೇರಿಸಿ ಬೀಗ ಹಾಕು. ಆಗ ಕೊಂಡಿ ಜರುಗಲ್ಲ. ಬಿಚ್ಚಿದ ಜಿಪ್ಪು ಬಿಚ್ಚಿದ ಹಾಗೇ ಉಳಿಯುತ್ತೆ. ಕಳ್ಳತನ ಆಗಿದೆ ಅಂತ ಗಾಡಿಯಲ್ಲೇ ಗೊತ್ತಾಗುತ್ತೆ, ಆಗ್ಲೇ ದೂರು ಕೊಡಬಹುದು. ಜಿಪ್ಪೇ ಇಲ್ಲದ, ಗಟ್ಟಿ ಚೌಕಟ್ಟಿನ ಹಳೇ ಕಾಲದ ಪೆಟ್ಟಿಗೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ನಿಮ್ಮ ಅಟ್ಟದ ಮೇಲೆ ಒಂದು ಇರಬೇಕಲ್ಲ?

— ಇದೆ. ನಾಚಿಕೆ ಆಗುತ್ತೆ ಅಂತ ಹೊಸದು ತಗೊಂಡಿದ್ದು.

— ನಾಚಿಕೆ ಪಡೋ ಹಾಗೆ ಕಾಣೋ ಪೆಟ್ಟಿಗೇನೇ ಪ್ರಯಾಣಕ್ಕೆ ಒಳ್ಳೇದು. ಇನ್ನು ಚೈನು. ಕೆಳಗಿನ ಬರ್ತಿನ ಅಡಿಯಲ್ಲಿ ಕಬ್ಬಿಣದ ಕೊಕ್ಕೆ, ಬಳೆ ಇರುತ್ತೆ, ಸಾಮಾನು ಕಟ್ಟೋಕೆ ಅಂತ್ಲೇ ಇಟ್ಟಿರೋದು. ಎಷ್ಟೋ ಜನ ಚೈನನ್ನ ಬರ್ತಿನ ಕಾಲಿಗೆ ಸುಮ್ಮನೆ ಸುತ್ತಿ ಬಿಡ್ತಾರೆ. ಎರಡೂ ಪೆಟ್ಟಿಗೆಯ ಹಿಡಿಯೊಳಗೆ ತೂರಿಸಿ, ಬಳೆಯೊಳಗೆ ತೂರಿಸಿ, ಆಮೇಲೆ ಬೀಗ. ಬೀಗದ ಕೈ ಗೋಡೆ ಮೊಳೆಗಲ್ಲ, ನಿನ್ನ ಕೊರಳಿಗೆ. ಗಾಡಿ ಹೊರಡೋ ಮೊದಲೇ ಕಟ್ಟಿಬಿಡು, ‘ರಾತ್ರಿ ಮಲಗೋವಾಗ ಕಟ್ಟಿದರಾಯ್ತು’ ಅನ್ನಬೇಡ. ಸಾಮಾನು ಹೋಗೋದು ಕತ್ತಲಲ್ಲಿ ಮಾತ್ರ ಅಲ್ಲ. ಹತ್ತೋ ಗಲಾಟೆಯಲ್ಲಿ, ಕಳಿಸೋಕೆ ಬಂದೋರಿಗೆ ಕೈ ಬೀಸೋ ಹೊತ್ತಲ್ಲಿ, ಗಾಡಿ ಸ್ಟೇಷನ್ನಿಂದ ಮೆಲ್ಲಗೆ ಜಾರೋ ಆ ಅರ್ಧ ನಿಮಿಷದಲ್ಲಿ. ಕದ್ದೋನು ಇಳಿದುಬಿಡ್ತಾನೆ, ನೀನು ಗಾಡಿಯೊಳಗೆ ಉಳೀತೀಯ.

— ನಮ್ಮ ಪಕ್ಕದ ಮನೆಯೋರು ಹೇಳಿದ್ರು, ಎಸಿ ಕೋಚಲ್ಲಿ ಇದೆಲ್ಲ ಇರಲ್ಲ ಅಂತ.

— ಯಾರು ಹೇಳಿದ್ದು? ಎಸಿಯಲ್ಲಿ ಪರದೆ ಎಳೆದು, ದೀಪ ಆರಿಸಿ, ಕಂಬಳಿ ಹೊದ್ದು ಎಲ್ಲರೂ ನಿಶ್ಚಿಂತೆಯಿಂದ ಮಲಗ್ತಾರೆ. ಕಳ್ಳನೂ ಇಸ್ತ್ರಿ ಶರಟು ಹಾಕ್ಕೊಂಡು, ಟಿಕೆಟ್ ತಗೊಂಡೇ ಬರ್ತಾನೆ. ಹೆಂಗಸರು ವ್ಯಾನಿಟಿ ಬ್ಯಾಗನ್ನ ದಿಂಬಿನಡಿ ಇಟ್ಕೊಂಡು ಮಲಗಿರ್ತಾರೆ, ದಿಂಬು ಸರಿಸದೆ ಎಳೆಯೋದು ಅವನ ಕಸುಬು. ನನ್ನ ಕೇಳಿದ್ರೆ ಸ್ಲೀಪರ್‌ನ ಗದ್ದಲವೇ ಒಂದು ಕಾವಲು.

— ಒಂದು ವೇಳೆ ಹೋಯ್ತು ಅಂತಿಟ್ಕೊಳ್ಳಿ. ರೈಲ್ವೆಯೋರು ಕಟ್ಟಿಕೊಡಲ್ವಾ? ಟಿಕೆಟ್ ದುಡ್ಡು ಕೊಟ್ಟಿರ್ತೀವಲ್ಲ.

— ಟಿಕೆಟ್ ನಿನಗೆ, ಪೆಟ್ಟಿಗೆಗಲ್ಲ. 1989ರ ರೈಲ್ವೆ ಕಾಯ್ದೆಯ ನೂರನೇ ಸೆಕ್ಷನ್ನೇ ಹೇಳುತ್ತೆ: ಬುಕ್ ಮಾಡಿ ರಸೀದಿ ಪಡೆದ ಲಗೇಜಾದ್ರೆ ರೈಲ್ವೆ ಹೊಣೆ. ನಿನ್ನ ಜೊತೆಯಲ್ಲೇ ಇಟ್ಟುಕೊಂಡದ್ದಾದ್ರೆ, ರೈಲ್ವೆಯ ಇಲ್ಲವೇ ಅದರ ನೌಕರರ ಅಲಕ್ಷ್ಯದಿಂದ, ದುರ್ನಡತೆಯಿಂದ ಹೋಯ್ತು ಅಂತ ನೀನು ರುಜುವಾತು ಮಾಡಬೇಕು. ಇದೇ ಕಾಶಿ ಹೆಸರಿನ ಗಾಡಿಯಲ್ಲೇ ಒಂದು ಮೊಕದ್ದಮೆ ಆಗಿದೆ. 2005ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಕಾಶಿ ವಿಶ್ವನಾಥ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೊರಟಿದ್ದ. ಸೊಂಟದ ಬೆಲ್ಟಿನಲ್ಲಿ ಒಂದು ಲಕ್ಷ ರೂಪಾಯಿ. ರಾತ್ರಿ ಅದು ಹೋಯ್ತು. ಬಳಕೆದಾರರ ನ್ಯಾಯಾಲಯಗಳು ಅವನ ಪರ ತೀರ್ಪು ಕೊಡ್ತಾ ಬಂದವು. ಕೊನೆಗೆ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಪ್ರಯಾಣಿಕ ತನ್ನ ಸಾಮಾನು ತಾನೇ ಕಾಪಾಡಿಕೊಳ್ಳೋಕಾಗದಿದ್ರೆ ಅದು ರೈಲ್ವೆಯ ಸೇವಾಲೋಪ ಆಗಲ್ಲ ಅಂತ ಅದನ್ನೆಲ್ಲ ರದ್ದು ಮಾಡ್ತು. ಹದಿನೆಂಟು ವರ್ಷ!

— ಇದು ಅನ್ಯಾಯ ಅಲ್ವಾ ಮಾವ?

— ಪೂರ್ತಿ ನ್ಯಾಯ ಅಂತ ರೈಲ್ವೆ ಅನ್ನ ತಿಂದ ನಾನೂ ಹೇಳಲ್ಲ. ರಿಸರ್ವೇಷನ್ ಕೋಚಿಗೆ ಟಿಕೆಟ್ ಇಲ್ಲದೋರು ನುಗ್ಗಿದಾಗ ತಡೆಯೋದು ನಮ್ಮ ಕೆಲಸ, ಅದು ಆಗದೆ ಹೋದಾಗ ಹೋದ ಸಾಮಾನಿಗೆ ಪರಿಹಾರ ಕೊಡಿಸಿದ ಬಳಕೆದಾರರ ಆಯೋಗಗಳೂ ಇವೆ. ಆದರೆ ಅದಕ್ಕೆ ದಾಖಲೆ ಬೇಕು. ಅದಕ್ಕೇ ಹೇಳೋದು, ಕೋಚಿನಲ್ಲಿ ಬೇರೆಯೋರು ತುಂಬ್ಕೊಂಡ್ರೆ ಗೊಣಗ್ತಾ ಕೂರಬೇಡ. 139ಕ್ಕೆ ಫೋನ್ ಮಾಡು, ಇಲ್ಲ ರೈಲ್ ಮದದ್ ಆಪಿನಲ್ಲಿ ದೂರು ಹಾಕು. ಜನ ಬಂದು ಖಾಲಿ ಮಾಡಿಸ್ತಾರೋ ಬಿಡ್ತಾರೋ, ಇಷ್ಟು ಗಂಟೆಗೆ, ಇಂಥ ಕೋಚಿಂದ ದೂರು ಬಂದಿತ್ತು ಅಂತ ಒಂದು ನಂಬರ್ ಉಳಿಯುತ್ತೆ.

— 182 ಅಂತ ಇತ್ತಲ್ಲ?

— ಹಳೇದು. 2021ರಲ್ಲಿ ಎಲ್ಲ ಸೇರಿಸಿ 139 ಮಾಡಿದ್ರು. ಇನ್ನೊಂದು, ಕಳುವಾದ್ರೆ ಗಾಡಿ ಇಳಿದು ಠಾಣೆ ಹುಡುಕ್ಕೊಂಡು ಹೋಗ್ಬೇಕು ಅಂತ ಜನ ತಿಳ್ಕೊಂಡಿದ್ದಾರೆ. ಅದರ ಹೆದರಿಕೆಗೇ ಅರ್ಧ ಜನ ದೂರೇ ಕೊಡಲ್ಲ. ಬೇಡ. ಟಿಟಿಇ, ಗಾರ್ಡು ಇಲ್ಲ ಗಾಡಿಯಲ್ಲಿರೋ ರೈಲ್ವೆ ರಕ್ಷಣಾ ಪಡೆ, ಅಂದ್ರೆ ಆರ್‌ಪಿಎಫ್, ಹತ್ರ ಎಫ್‌ಐಆರ್ ಫಾರಂ ಇರುತ್ತೆ. ತುಂಬಿ ಕೊಟ್ರೆ ಅದು ಮುಂದಿನ ರೈಲ್ವೆ ಪೊಲೀಸ್ ಠಾಣೆಗೆ ಹೋಗುತ್ತೆ, ನಿನ್ನ ಪ್ರಯಾಣ ನಿಲ್ಲಲ್ಲ. ಆರ್‌ಪಿಎಫ್ ಬೇರೆ, ಆಯಾ ರಾಜ್ಯದ ರೈಲ್ವೆ ಪೊಲೀಸ್ ಬೇರೆ. ಕಳ್ಳತನದ ಕೇಸು ನಡೆಸೋದು ಎರಡನೆಯೋರು. ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅಂತ ಯಾರಾದ್ರೂ ಅಂದ್ರೆ ಝೀರೋ ಎಫ್‌ಐಆರ್ ಕೇಳು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದ್ರೂ ದೂರು ದಾಖಲಿಸಬಹುದು ಅಂತ ಸ್ಪಷ್ಟವಾಗಿ ಬರೆದಿದೆ.

— ಅದಿರಲಿ, ಅಮ್ಮನ ಒಡವೆ ವಿಷಯ ನೀವೇ ಹೇಳ್ಬೇಕು. ಕಾಶಿಗೆ ಹೋಗೋವಾಗ ಬರಿಕೊರಳಲ್ಲಿ ಹೋಗಲ್ಲ ಅಂತಾರೆ. ಎರಡೆಳೆ ಸರ, ನಾಲ್ಕು ಬಳೆ.

— ಅಕ್ಕನಿಗೆ ನಾನು ಹೇಳಿದ್ರೆ ಕೇಳ್ತಾಳಾ? ಅರಿಶಿನ ದಾರದಲ್ಲಿ ತಾಳಿ ಪೋಣಿಸಿಕೊಂಡು ಬರಲಿ, ಅದಕ್ಕಿಂತ ಮಂಗಳ ಯಾವುದು? ಸರ, ಬಳೆ ಬ್ಯಾಂಕ್ ಲಾಕರಿಗೆ. ಸ್ಲೀಪರ್ ಕೋಚಿನ ಕಿಟಕಿ ತೆರೆದಿರುತ್ತೆ. ಕಿಟಕಿ ಪಕ್ಕ ತೂಕಡಿಸ್ತಾ ಕೂತಿರೋ ಹೆಂಗಸರ ಕೊರಳಿಗೆ ಪ್ಲಾಟ್‌ಫಾರಂನಿಂದ ಕೈ ಬರೋದು ಗಾಡಿ ಹೊರಟ ಕ್ಷಣದಲ್ಲಿ. ಸರ ಹೋದ್ರೆ ಹೋಗಲಿ, ಕೊರಳು ಕೊಯ್ದುಕೊಂಡು ಹೋಗುತ್ತೆ. ರೈಲು ಮಾತ್ರ ಅಲ್ಲ. ಮದುವೆ ಕಾಲದಲ್ಲಿ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ನೋಡು. ಒಡವೆಯೆಲ್ಲ ಒಂದೇ ಡಬ್ಬಿ, ಡಬ್ಬಿ ವ್ಯಾನಿಟಿ ಬ್ಯಾಗಿನಲ್ಲಿ, ಹೆಗಲ ಮೇಲೆ ಮಗು, ಮುಂದೆ ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲು. ಆ ನೂಕುನುಗ್ಗಲಿನಲ್ಲಿ ಇಬ್ಬರು ಮೂವರು ಬಸ್ಸು ಹತ್ತೋಕೆ ಬಂದೋರೇ ಅಲ್ಲ. ಮೆಟ್ಟಿಲ ಮೇಲೆ ಒಬ್ಬಳು ಸುಮ್ಮನೆ ನಿಂತುಬಿಡ್ತಾಳೆ, ಹಿಂದಿನೋಳು ನೂಕ್ತಾಳೆ, ಪಕ್ಕದೋಳು ಜಿಪ್ಪು ಎಳೀತಾಳೆ. ಹತ್ತೋಕಾಗದ ಹಾಗೆ ಬಾಗಿಲಲ್ಲಿ ಯಾರಾದ್ರೂ ಅಡ್ಡ ನಿಂತ್ರೆ ಮೊದಲು ಬ್ಯಾಗನ್ನ ಎದೆಗೆ ಅವುಚಿಕೋ, ಬೈಗುಳ ಆಮೇಲೆ.

— ದುಡ್ಡು?

— ಈಗೆಲ್ಲ ಫೋನಲ್ಲೇ ಅಲ್ವಾ?

— ಅದೇ ನನ್ನ ಭಯ. ಟಿಕೆಟ್ ಫೋನಲ್ಲಿ, ಆಧಾರ್ ಫೋನಲ್ಲಿ, ದುಡ್ಡು ಫೋನಲ್ಲಿ, ರೂಮ್ ಬುಕಿಂಗ್ ಫೋನಲ್ಲಿ.

— ನಿಮ್ಮ ಅಜ್ಜಿ ನಿನಗಿಂತ ಬುದ್ಧಿವಂತೆ. ತಿರುಪತಿಗೆ ಹೊರಟ್ರೆ ಸ್ವಲ್ಪ ದುಡ್ಡು ಸೊಂಟದಲ್ಲಿ, ಸ್ವಲ್ಪ ಎಲೆಅಡಿಕೆ ಚೀಲದಲ್ಲಿ, ಸ್ವಲ್ಪ ತಾತನ ಒಳಜೇಬಲ್ಲಿ, ಒಂದು ನೋಟು ಮಡಚಿ ಕುಂಕುಮದ ಭರಣಿಯಲ್ಲಿ. ಒಂದು ಹೋದ್ರೆ ಇನ್ನೊಂದು ಊರು ತಲುಪಿಸೋದು. ನೀವು ಎಲ್ಲವನ್ನೂ ಒಂದೇ ಗಾಜಿನ ಹಲಗೆಗೆ ತುಂಬಿ ಅದನ್ನ ಪ್ಯಾಂಟಿನ ಹಿಂಜೇಬಲ್ಲಿ ಇಟ್ಕೊಂಡು ಓಡಾಡ್ತೀರಿ. ಟಿಕೆಟ್ ಎರಡು ಪ್ರಿಂಟ್ ತೆಗೆಸು. ಒಂದು ಭಾವನ ಹತ್ರ. ಮೂವರಲ್ಲಿ ಒಬ್ಬರ ಗುರುತಿನ ಚೀಟಿ ಅಸಲು ಇದ್ರೆ ಸಾಕು. ಒಬ್ಬರದ್ದು ನಿನ್ನ ಹತ್ರ, ಇನ್ನೊಬ್ಬರದ್ದು ಅಕ್ಕನ ಹತ್ರ ಇರಲಿ. ನಗದು ಮೂರು ಕಡೆ. ಕಾರ್ಡು ಒಂದು ಮಾತ್ರ, ಮಿಕ್ಕದ್ದು ಮನೆಯಲ್ಲಿ.

— ಫೋನೇ ಹೋದ್ರೆ?

— ಫೋನು ಹೋದದ್ದಕ್ಕಿಂತ ಸಿಮ್ ಹೋದದ್ದು ಹೆಚ್ಚು ಅಪಾಯ. ಸ್ಕ್ರೀನಿಗೆ ಬೀಗ ಇದೆ ಅಂತ ನೀನು ಧೈರ್ಯವಾಗಿರ್ತೀಯ. ಕದ್ದೋನು ಸಿಮ್ ಕಿತ್ತು ಬೇರೆ ಫೋನಿಗೆ ಹಾಕ್ತಾನೆ, ಒಟಿಪಿ ಎಲ್ಲ ಅಲ್ಲಿಗೆ ಬರುತ್ತೆ. ಸಿಮ್ಮಿಗೇ ಒಂದು ಪಿನ್ ಹಾಕೋ ಸೌಲಭ್ಯ ಸೆಟ್ಟಿಂಗ್‌ನಲ್ಲಿ ಇದೆ, ನಮ್ಮಲ್ಲಿ ಹಾಕ್ಕೊಂಡಿರೋರು ಕಡಿಮೆ. ಹೊರಡೋ ಹಿಂದಿನ ದಿನ ಗಡಿಬಿಡಿಯಲ್ಲಿ ಮಾಡಬೇಡ. ಮೊದಲಿಗೆ ಕೊಟ್ಟಿರೋ ಪಿನ್ ಯಾವುದು ಅಂತ ಕಂಪನಿಯನ್ನ ಕೇಳು, ಮೂರು ಸಲ ತಪ್ಪು ಒತ್ತಿದ್ರೆ ಸಿಮ್ ಬಂದ್ ಆಗುತ್ತೆ. ಇನ್ನು ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತು, ಹದಿನೈದು ಅಂಕಿಯ ಐಎಂಇಐ ನಂಬರ್ ಬರುತ್ತೆ. ಅದನ್ನ ಕಾಗದದ ಮೇಲೆ ಬರೆದಿಡು. ಕಾಗದದ ಮೇಲೆ, ಫೋನಿನ ನೋಟ್ಸಿನಲ್ಲಲ್ಲ! ಜೊತೆಗೆ ಬ್ಯಾಂಕಿನ ಸಹಾಯವಾಣಿ, ಮನೇಲಿರೋ ನಿನ್ನ ತಮ್ಮನ ನಂಬರು. ಈಗ ಮಕ್ಕಳ ನಂಬರು ಯಾವ ತಾಯಿಗೂ ಬಾಯಲ್ಲಿ ಬರಲ್ಲ.

— ಅಮ್ಮನಿಗಂತೂ ಇಲ್ಲ. ಆ ಐಎಂಇಐ ನಂಬರ್ ಇಟ್ಕೊಂಡು ಏನು ಮಾಡ್ಬೇಕು?

— ಮೊದಲು ಸಿಮ್ ಬಂದ್ ಮಾಡಿಸು, ಬ್ಯಾಂಕಿಗೆ ತಿಳಿಸು. ರಿಸರ್ವ್ ಬ್ಯಾಂಕಿನ 2017ರ ಆದೇಶದ ಪ್ರಕಾರ ನೀನು ತಿಳಿಸಿದ ಮೇಲೆ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ. ಅದಕ್ಕೇ ಗಂಟೆ, ನಿಮಿಷ ಬರೆದಿಟ್ಕೋ. ಖಾತೆಯಿಂದ ದುಡ್ಡು ಆಗ್ಲೇ ಹೋಗಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಪೊಲೀಸ್ ದೂರಿನ ಪ್ರತಿ ಸಿಕ್ಕಿದ ಮೇಲೆ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಕೊಟ್ಟು ಹ್ಯಾಂಡ್‌ಸೆಟ್ಟನ್ನೇ ಬಂದ್ ಮಾಡಿಸಬಹುದು. ಆಮೇಲೆ ಅದಕ್ಕೆ ಯಾವ ಸಿಮ್ ಹಾಕಿದ್ರೂ ನಡೆಯಲ್ಲ. ನಮ್ಮ ಕರ್ನಾಟಕ ಪೊಲೀಸರ ಇ-ಲಾಸ್ಟ್ ಆಪು ಇದೆಯಲ್ಲ, ಅದು ಕಳೆದುಹೋದ ವಸ್ತುವಿಗೆ ಮಾತ್ರ. ಕಳ್ಳತನವನ್ನ ಅದರಲ್ಲಿ ‘ಕಳೆದುಹೋಯ್ತು’ ಅಂತ ಹಾಕಿಸಿಕೊಂಡು ಸುಮ್ಮನಾಗಬೇಡ.

— ರಾತ್ರಿ ಚಾರ್ಜಿಗೆ ಹಾಕಿ ಮಲಗೋ ಅಭ್ಯಾಸ ನಂದು.

— ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಆ ಸಾಕೆಟ್ಟುಗಳ ಕರೆಂಟೇ ತೆಗೆದಿರ್ತಾರೆ, ಬೆಂಕಿ ಭಯಕ್ಕೆ. ಹಾಕಿದ್ರೆ ಚಾರ್ಜೂ ಆಗಲ್ಲ, ಬೆಳಿಗ್ಗೆ ಫೋನೂ ಇರಲ್ಲ. ಪವರ್ ಬ್ಯಾಂಕ್ ಇಟ್ಕೋ. ಮತ್ತೆ ಬಾಗಿಲಲ್ಲಿ ನಿಂತು ಫೋನ್ ಮಾಡೋದು, ನದಿ ಸೇತುವೆ ವಿಡಿಯೋ ತೆಗೆಯೋದು ಬೇಡವೇ ಬೇಡ. ಮುಂಬೈ ಕಡೆ ಠಾಣೆ-ಕಲ್ಯಾಣದ ಹಳಿ ಪಕ್ಕದ ಕಂಬಗಳ ಹತ್ರ ಕೋಲು ಹಿಡಿದು ನಿಂತಿರ್ತಾರೆ. ಬಾಗಿಲಲ್ಲಿ ನಿಂತೋನ ಕೈಗೆ ಒಂದು ಏಟು, ಫೋನು ಕೆಳಗೆ. ‘ಫಟ್ಕಾ’ ಅಂತಾರೆ ಅದಕ್ಕೆ. ಫೋನ್ ಹಿಂದೆ ಜಿಗಿದು ಕಾಲು ಕಳ್ಕೊಂಡೋರು, ಜೀವ ಬಿಟ್ಟೋರು ಇದ್ದಾರೆ. ಇದೊಂದು ಮಾತು ನಿನ್ನ ತಮ್ಮನಿಗೂ ಹೇಳು: ಓಡೋ ಗಾಡಿಯಿಂದ ಕಳ್ಳನ ಹಿಂದೆ ಇಳಿಯಬೇಡಿ. ಯಾವ ಬ್ಯಾಗಿಗೂ ಅಷ್ಟು ಬೆಲೆ ಇಲ್ಲ.

— ಚೈನ್ ಎಳೆದ್ರೆ?

— ಕಾರಣ ಇದ್ರೆ ತಪ್ಪಿಲ್ಲ. ಕಾರಣ ಇಲ್ದೆ ಎಳೆದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಆದರೆ ಕತ್ತಲಲ್ಲಿ, ಬಯಲಲ್ಲಿ ಗಾಡಿ ನಿಂತ್ರೆ ಲಾಭ ಯಾರಿಗೆ? ಎಷ್ಟೋ ಸಲ ಇಳಿಯೋಕೆ ಕಳ್ಳನೇ ಚೈನ್ ಎಳೀತಾನೆ. ಮುಂದಿನ ಸ್ಟೇಷನ್‌ಗೆ ಫೋನ್ ಹೋದ್ರೆ ಅಲ್ಲಿ ಪೊಲೀಸರು ಕಾದಿರ್ತಾರೆ, ಬಯಲಲ್ಲಿ ಯಾರಿರ್ತಾರೆ?

— ಬಿಸ್ಕತ್ತು ಕೊಟ್ಟು ಮತ್ತು ಬರಿಸಿ ದೋಚೋ ವಿಷಯ ನಿಜಾನಾ ಮಾವ? ವಾಟ್ಸಾಪಿನ ಕಥೆ ಅಂತ ಅಂದ್ಕೊಂಡಿದ್ದೆ.

— ನಿಜ. ಸಿನಿಮಾದಲ್ಲಿ ತೋರಿಸೋ ಹಾಗೆ ಕರ್ಚೀಫು ಮೂಗಿಗೆ ಹಿಡಿದ ತಕ್ಷಣ ಬೀಳೋದೆಲ್ಲ ಕಥೆ. ಬಿಸ್ಕತ್ತು, ಟೀ, ಕೂಲ್ ಡ್ರಿಂಕು ಮಾತ್ರ ನಿಜ. ನಿದ್ದೆ ಮಾತ್ರೆಯ ಪುಡಿ. ಲೋರಾಜೆಪಾಮ್ ಅಂತ ಡಾಕ್ಟರು ಕೊಡೋ ಔಷಧಿ ಇದೆಯಲ್ಲ, ಆ ಜಾತಿಯದು. ಕ್ರೀಂ ಬಿಸ್ಕತ್ತು ಬಿಡಿಸಿ ಮಧ್ಯಕ್ಕೆ ಸೇರಿಸಿ ಮತ್ತೆ ಅಂಟಿಸ್ತಾರೆ. ಮೊದಲನೇ ದಿನ ಆ ಕಳ್ಳ ನಿನ್ನಿಂದ ಏನೂ ಕೇಳಲ್ಲ, ಕೊಡೋದೂ ಇಲ್ಲ. ಮೇಲಿನ ಬರ್ತಿಗೆ ಪೆಟ್ಟಿಗೆ ಎತ್ತಿ ಇಟ್ಟುಕೊಡ್ತಾನೆ. ನೀರಿನ ಬಾಟಲಿ ತುಂಬಿಸಿ ತಂದುಕೊಡ್ತಾನೆ. ಭಾವನ ಜೊತೆ ಮೊಳಕಾಲು ನೋವಿಗೆ ಯಾವ ಎಣ್ಣೆ ಅಂತ ಮಾತಾಡ್ತಾನೆ. ಸಂಜೆ ಪೊಟ್ಟಣ ಬಿಚ್ಚಿ ಮೊದಲನೇದು ತಾನೇ ತಿಂತಾನೆ. ಎರಡನೇದು ನಿಮ್ಮ ಕೈಗೆ ಬರುತ್ತೆ.

ಈ ಉಪಾಯ ಹೊಸದೇನಲ್ಲ. ನಮ್ಮ ಸುರಪುರದಲ್ಲಿ ಆಮೇಲೆ ಬಂದು ಆಡಳಿತ ನೋಡ್ಕೊಂಡಿದ್ದ ಮೆಡೋಸ್ ಟೇಲರ್ 1839ರಲ್ಲಿ, ದಾರಿಹೋಕರನ್ನ ಕೊಂದು ದೋಚ್ತಿದ್ದ ಥಗ್ಗರ ಮೇಲೆ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದ. ಥಗ್ಗರ ಬಗ್ಗೆ ಬ್ರಿಟಿಷರು ಬರೆದಿಟ್ಟದ್ದರಲ್ಲಿ ಉತ್ಪ್ರೇಕ್ಷೆ ಎಷ್ಟು ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ, ಅದು ಬೇರೆ ಮಾತು. ಆದರೆ ಅಲ್ಲಿ ಬರೋ ವಿಧಾನ ನೋಡು. ದಾರಿಯಲ್ಲಿ ಸಿಗೋದು, ‘ಮುಂದೆ ಕಳ್ಳರ ಕಾಟ ಇದೆಯಂತೆ, ಜೊತೆಯಾಗಿ ಹೋಗೋಣ’ ಅನ್ನೋದು, ದಿನಗಟ್ಟಲೆ ಜೊತೆಗೆ ಉಂಡು ನಡೆಯೋದು, ಕೊನೆಗೆ ಕೊರಳಿಗೆ ರುಮಾಲು ಬಿಗಿಯೋದು. ರುಮಾಲು ಹೋಗಿ ಬಿಸ್ಕತ್ತು ಬಂದಿದೆ ಅಷ್ಟೆ.

— ಹಾಗಂತ ಎದುರು ಸೀಟಿನೋರ ಮುಖ ಕೂಡ ನೋಡದೆ ಎರಡು ರಾತ್ರಿ ಕೂರೋಕಾಗುತ್ತಾ? ಅಮ್ಮ ಡಬ್ಬಿ ಬಿಚ್ಚಿದ ಕೂಡಲೇ ಎದುರಿನ ಮಗುವಿಗೆ ಚಪಾತಿ ಸುತ್ತಿ ಕೊಡೋರು. ಅವರು ಏನಾದ್ರೂ ಕೊಟ್ಟಾಗ ಬೇಡ ಅನ್ನೋಕೆ ಅಮ್ಮನಿಗೆ ನಾಲಗೆ ಏಳಲ್ಲ.

— ಕೊಡಲಿ. ಅವರು ತಗೊಳ್ಳದೆ ಇದ್ರೆ ಬೇಜಾರು ಮಾಡ್ಕೊಳ್ಳದೆ ಇರಲಿ, ಅವರಿಗೂ ಊರಲ್ಲಿ ನನ್ನಂಥ ಒಬ್ಬ ಮಾವ ಇರ್ತಾನೆ. ಬೇಡ ಅನ್ನೋಕೆ ಕಾಶಿಗೆ ಹೊರಟೋರಿಗೆ ಕಷ್ಟವಾ? ‘ಇವತ್ತು ಒಪ್ಪತ್ತು’, ‘ವ್ರತ ಇದೆ, ಹೊರಗಿನದು ತಿನ್ನಲ್ಲ’. ಉತ್ತರದೋರಿಗೆ ವ್ರತ ಅಂದ್ರೆ ಸಾಕು, ಕೈ ಮುಗಿದು ಸುಮ್ಮನಾಗ್ತಾರೆ. ಭಾವನಿಗೆ ಶುಗರ್ ಇದೆ, ಇದಕ್ಕಿಂತ ಒಳ್ಳೇ ನೆಪ ಬೇಕಾ? ಟೀ ಬೇಕಾದ್ರೆ ಮಾರೋನ ಕೈಯಿಂದಲೇ ತಗೊಳ್ಳಿ, ಸಹಪ್ರಯಾಣಿಕ ‘ನಾನು ತರ್ತೀನಿ’ ಅಂದ್ರೆ ಬೇಡ.

— ನನಗೊಂದು ಹೊಳೀತು ಮಾವ. ಈ ಎಚ್ಚರಿಕೆ ಮಾತು ಶುರುವಾದ್ರೆ ಕೊನೆಗೆ ಬಡವರ ಮೇಲೇ ಅನುಮಾನ ಬರುತ್ತೆ. ಹೋದ ಸಲ ನಮ್ಮ ಕೋಚಲ್ಲಿ ಒಬ್ಬ ಗಾರೆ ಕೆಲಸದ ಹುಡುಗ ಬಾಗಿಲ ಹತ್ರ ಕೂತಿದ್ದ. ಪೆಟ್ಟಿಗೆ ಒಂದಿಷ್ಟು ಅಲ್ಲಾಡಿದ್ರೂ ಎಲ್ಲರೂ ಅವನ ಕಡೆ ನೋಡೋರು.

— ಒಳ್ಳೇ ಮಾತು ಎತ್ತಿದೆ. ನೀವು ಹೋಗೋ ಗಾಡಿಯಲ್ಲಿ ಅರ್ಧ ಜನ ಅವರೇ. ಬೆಂಗಳೂರಿನ ಕಟ್ಟಡ ಕಟ್ಟಿ, ತಿಂಗಳುಗಟ್ಟಲೆ ಕೂಡಿಟ್ಟ ಕೂಲಿ ಒಳಚೀಲದಲ್ಲಿ ಹೊಲಿದುಕೊಂಡು ಊರಿಗೆ ಹೊರಟಿರ್ತಾರೆ. ಬಿಸ್ಕತ್ತಿನೋನಿಗೆ ಬೇಕಾಗಿರೋದು ಅವರೇ ಹೊರತು ನಿನ್ನ ಸೀರೆ ಪೆಟ್ಟಿಗೆ ಅಲ್ಲ. ನಗದು ಇಟ್ಕೊಂಡಿರ್ತಾರೆ, ಒಬ್ಬರೇ ಇರ್ತಾರೆ, ಭಾಷೆ ಬರಲ್ಲ, ದೂರು ಕೊಡಲ್ಲ. ನನ್ನ ಸರ್ವೀಸಿನಲ್ಲಿ ಸಿಕ್ಕಿಬಿದ್ದ ಕಳ್ಳರಲ್ಲಿ ಚಪ್ಪಲಿ ಹರಿದೋರಿಗಿಂತ ಬೂಟು ಪಾಲಿಷ್ ಮಾಡಿದೋರನ್ನೇ ಹೆಚ್ಚು ಕಂಡಿದೀನಿ. ಒಬ್ಬ ಅಂತೂ ನನ್ನ ಹಾಗೇ ಕರಿ ಕೋಟು ಹಾಕ್ಕೊಂಡು ಮುಂದಿನ ಕೋಚಲ್ಲಿ ದಂಡ ವಸೂಲಿ ಮಾಡ್ತಿದ್ದ! ಕರಿ ಕೋಟು ಕಂಡ ಕೂಡಲೇ ದುಡ್ಡು ಕೊಡಬೇಡ, ರಸೀದಿ ಕೇಳು. ಈಗ ಟಿಟಿಇಗಳ ಕೈಯಲ್ಲಿ ಚಾರ್ಟಿನ ಬದಲು ಟ್ಯಾಬ್ ಇರುತ್ತೆ, ಅದರಲ್ಲಿ ನಿನ್ನ ಹೆಸರು ತೋರಿಸು ಅನ್ನು.

— ಕಾಶಿಯಲ್ಲಿ?

— ಅಲ್ಲಿ ಕಳ್ಳರಿಗಿಂತ ಮಾತುಗಾರರು ಹೆಚ್ಚು. ವಿಶ್ವನಾಥನ ಗುಡಿಯೊಳಗೆ ಫೋನು ಬಿಡಲ್ಲ. 2021ರ ಡಿಸೆಂಬರಿನಲ್ಲಿ ಹೊಸ ಕಾರಿಡಾರ್ ಆದ ಮೇಲೆ ಜಾಗ ವಿಶಾಲವಾಗಿದೆ, ಈ ನಿಯಮ ಮಾತ್ರ ಇದೆ. ಹೊರಗಿನ ಅಂಗಡಿಯೋರು ‘ಲಾಕರ್ ಫ್ರೀ’ ಅಂತ ಕರೀತಾರೆ, ಬದಲಿಗೆ ಹೂವು-ಪೇಡಾ ಬುಟ್ಟಿಗೆ ಅವರು ಹೇಳಿದ ರೇಟು. ಫೋನನ್ನೆಲ್ಲ ರೂಮಲ್ಲೇ ಬಿಟ್ಟು ಹೋಗಿ, ಆಗ ದರ್ಶನದ ಸಾಲಲ್ಲಿ ನಿಂತು ಫೋನು ನೆನೆಸೋದು ತಪ್ಪುತ್ತೆ. ಸ್ನಾನಕ್ಕೆ ಮೂವರೂ ಒಟ್ಟಿಗೆ ಇಳೀಬೇಡಿ, ಒಬ್ಬರು ಮೆಟ್ಟಿಲ ಮೇಲೆ ಬಟ್ಟೆ ಹತ್ರ. ದೋಣಿಯೋನು, ಪಂಡಾ, ಆಟೋದೋನು, ಯಾರೇ ಆಗಲಿ ಮೊದಲೇ ದುಡ್ಡು ಮಾತಾಡಿ. ಉಳಿಯೋಕೆ ಎಲ್ಲಿ?

— ಜಂಗಮವಾಡಿ ಮಠದಲ್ಲಿ ಕೇಳಿದೀವಿ. ಅಪ್ಪ ಅಮ್ಮ ಅಲ್ಲೇ ಒಂದಷ್ಟು ದಿನ ಇರ್ತಾರೆ. ನಾನು ಒಬ್ಬಳೇ ವಾಪಸ್ಸು.

— ಮಠದಲ್ಲಾದ್ರೆ ಕನ್ನಡ ಕಿವಿಗೆ ಬೀಳುತ್ತೆ, ಅಕ್ಕನಿಗೆ ಅದೇ ಧೈರ್ಯ. ನೀನು ಒಬ್ಬಳೇ ಬರೋವಾಗ ಗಾಡಿ ಹತ್ತಿದ ಮೇಲೆ ಆರ್‌ಪಿಎಫ್‌ನ ಹೆಣ್ಣುಮಕ್ಕಳು ಬಂದು ಮಾತಾಡಿಸಬಹುದು. ‘ಮೇರಿ ಸಹೇಲಿ’ ಅಂತ 2020ರಲ್ಲಿ ಶುರುಮಾಡಿದ ವ್ಯವಸ್ಥೆ. ಒಂಟಿಯಾಗಿ ಹೋಗೋ ಹೆಂಗಸರ ಸೀಟ್ ನಂಬರ್ ಬರ್ಕೊಂಡು ಮುಂದಿನ ಸ್ಟೇಷನ್‌ಗಳಿಗೆ ತಿಳಿಸ್ತಾರೆ. ಅವರು ಬರದೆ ಇದ್ರೆ ನೀನೇ 139ಕ್ಕೆ ಹೇಳು. ಎದುರಿನೋರು ಎಲ್ಲಿ ಇಳೀತೀರಿ ಅಂತ ಕೇಳಿದ್ರೆ ಉತ್ತರ ಕೊಡು, ಆದರೆ ‘ಒಬ್ಬಳೇ’ ಅನ್ನಬೇಡ. ‘ಸ್ಟೇಷನ್‌ಗೆ ಅಣ್ಣ ಬರ್ತಾನೆ’ ಅನ್ನು.

— ಅಣ್ಣನೇ ಇಲ್ಲ ನನಗೆ.

— ನಾನು ಬರ್ತೀನಿ, ಆಯ್ತಾ? ಈಗ ಒಂದು ಕೇಳು, ಇದನ್ನ ಭಾವನಿಗೂ ಹೇಳು. ಮುಂಬೈ ಕಡೆಯಿಂದ ಬರೋ ಗಾಡಿ, ಬೆಳಗಿನ ಹೊತ್ತು, ಗುಂತಕಲ್ ದಾಟಿತ್ತು. ನಾನು ಟಿಕೆಟ್ ನೋಡ್ತಾ ಬಂದೆ. ಪಕ್ಕದ ಬರ್ತಿನಲ್ಲಿ ಒಬ್ಬ ತಲೆತುಂಬ ಹೊದ್ದು ಮಲಗಿದ್ದ. ಸುತ್ತ ಕೂತೋರು ಇಡ್ಲಿ ತಿಂತಾ, ‘ಪಾಪ, ನಿನ್ನೆ ಸಂಜೆಯಿಂದ ಮಲಗಿದ್ದಾನೆ ಸಾರ್, ಏಳಿಸಬೇಡಿ’ ಅಂದ್ರು. ಒಬ್ಬಮ್ಮ ತನ್ನ ಶಾಲನ್ನೇ ಅವನ ಮೇಲೆ ಹೊದಿಸಿದ್ದಳು. ಅಲ್ಲಾಡಿಸಿದೆ, ಏಳಲಿಲ್ಲ. ಹೊದಿಕೆ ಸರಿಸಿದ್ರೆ ತುಟಿ ಒಣಗಿ ಬಿಳಿ ಕಟ್ಟಿತ್ತು, ರೆಪ್ಪೆ ಎತ್ತಿದ್ರೆ ಕಣ್ಣು ಎಲ್ಲೋ ಇತ್ತು. ಪ್ಯಾಂಟಿನ ಎರಡೂ ಜೇಬು ಹೊರಗೆ ಬಂದಿತ್ತು. ಅಂಗಿಯ ಒಳಗಿನ ಹೊಲಿಗೆ ಬ್ಲೇಡಿನಿಂದ ನೆಟ್ಟಗೆ ಕೊಯ್ದಿದ್ರು, ಮೈಗೆ ಒಂದು ಗೀರೂ ಇಲ್ಲ. ಮುಂಬೈಯ ಹೋಟೆಲಿನಲ್ಲಿ ಮಾಣಿಯಾಗಿದ್ದ ನಮ್ಮ ಕಡೆಯ ಹುಡುಗ, ತಂಗಿ ಮದುವೆಗೆ ದುಡ್ಡು ತರ್ತಿದ್ದ.

— ಬದುಕಿದನಾ?

— ಬದುಕಿದ. ಮುಂದಿನ ದೊಡ್ಡ ಸ್ಟೇಷನ್‌ನಲ್ಲಿ ಡಾಕ್ಟರನ್ನ ಕರೆಸಿ ಇಳಿಸಿದ್ವಿ. ದುಡ್ಡು ಹೋದದ್ದು ಹೋಯ್ತು. ನನಗೆ ಸಿಟ್ಟು ಬಂದದ್ದು ಆ ಬಿಸ್ಕತ್ತಿನೋನ ಮೇಲಷ್ಟೇ ಅಲ್ಲ. ಅವನ ಪಕ್ಕದಲ್ಲಿ ಏಳು ಜನ ರಾತ್ರಿಯೆಲ್ಲ ಇದ್ರು. ಎಲ್ಲರೂ ಒಳ್ಳೆಯೋರೇ, ತಮ್ಮ ತಮ್ಮ ಚೈನು ಬೀಗ ಸರಿಯಾಗಿ ಹಾಕ್ಕೊಂಡಿದ್ರು. ಊಟಕ್ಕೆ ಎದ್ದಿಲ್ಲ, ನೀರು ಕುಡಿದಿಲ್ಲ, ಇದೇನು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ವಯಸ್ಸಾದೋರಾಗಿದ್ರೆ ಅಷ್ಟು ಹೊತ್ತಿಗೆ ಪ್ರಾಣ ಹೋಗಿರೋದು.

— ನಮಗೆ ಹಾಗೇನಾದ್ರೂ ಕಂಡ್ರೆ ಏನು ಮಾಡ್ಬೇಕು?

— ಹೊತ್ತೇರಿದ್ರೂ ಏಳದೆ ಮಲಗಿದೋರು ಕಂಡ್ರೆ ಗಟ್ಟಿಯಾಗಿ ಕೂಗಿ, ಭುಜ ಹಿಡಿದು ಅಲುಗಾಡಿಸಿ. ನಿದ್ದೆ ಕೆಡಿಸಿದ್ರಿ ಅಂತ ಬೈದ್ರೆ ಬೈಸಿಕೊಳ್ಳಿ. ಏಳದಿದ್ರೆ ಬಾಯಿಗೆ ನೀರು ಹಾಕೋಕೆ ಹೋಗಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಪಕ್ಕದಲ್ಲಿ ಬಿಸ್ಕತ್ತಿನ ಪೊಟ್ಟಣ, ಟೀ ಲೋಟ ಇದ್ರೆ ಎಸೆಯಬೇಡಿ, ಡಾಕ್ಟರಿಗೂ ಪೊಲೀಸರಿಗೂ ಅದು ಬೇಕು. ಕೋಚ್ ನಂಬರು, ಬರ್ತ್ ನಂಬರು, ಗಾಡಿ ನಂಬರು ಹೇಳಿ 139ಕ್ಕೆ ಫೋನ್ ಮಾಡಿ, ಮುಂದಿನ ಸ್ಟೇಷನ್‌ಗೆ ಡಾಕ್ಟರು ಬರಲಿ ಅನ್ನಿ.